ಆ ಕಡೆ ಫೋನ್ ಎತ್ತುವವರಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಉತ್ತರ ಕೊರಿಯಾ ಮತ್ತು ದಕ್ಷಿಣ ಕೊರಿಯಾದ ಗಡಿಯಲ್ಲಿ ಪನ್ಮುಂಜೋಮ್ ಎಂಬ ಜಾಗವಿದೆ. ಅಲ್ಲಿನ ಒಂದು ಕಚೇರಿಯಿಂದ ದಕ್ಷಿಣದ ಅಧಿಕಾರಿಯೊಬ್ಬರು ಬೆಳಿಗ್ಗೆ 9 ಗಂಟೆಗೆ ಉತ್ತರಕ್ಕೆ ಫೋನ್ ಮಾಡುವುದು ವಾಡಿಕೆ. ಸಂಜೆ 5ಕ್ಕೆ ಮತ್ತೊಮ್ಮೆ. ದೊಡ್ಡ ವಿಷಯ ಏನೂ ಇರಬೇಕೆಂದಿಲ್ಲ. ನಾವಿದ್ದೇವೆ, ನೀವಿದ್ದೀರಾ ಎಂದು ಕೇಳುವ ಕರೆ ಅದು. 2023ರ ಏಪ್ರಿಲ್‌ನಿಂದ ಆ ಕಡೆ ಫೋನ್ ಎತ್ತುವುದನ್ನೇ ನಿಲ್ಲಿಸಿಬಿಟ್ಟರು.

ಉತ್ತರ ಕೊರಿಯಾದ ಅಣುಬಾಂಬ್ ಬಗ್ಗೆ ಮಾತಾಡಲು ಕೂತಾಗೆಲ್ಲ ನನಗೆ ಮೊದಲು ನೆನಪಾಗುವುದು ಈ ಫೋನ್. ಕ್ಷಿಪಣಿಯ ಚಿತ್ರಗಳನ್ನು ನಾವು ಟಿವಿಯಲ್ಲಿ ಸಾಕಷ್ಟು ನೋಡಿದ್ದೇವೆ. ಸುಮ್ನೆ ರಿಂಗ್ ಆಗುತ್ತಿರುವ ಫೋನನ್ನು ಯಾರೂ ತೋರಿಸುವುದಿಲ್ಲ.

ಅದೇ ಪನ್ಮುಂಜೋಮ್‌ನಲ್ಲಿ 1953ರ ಜುಲೈ 27ರಂದು ಕೊರಿಯಾ ಯುದ್ಧ ನಿಂತಿತು. ನಿಂತಿತು ಅಷ್ಟೇ, ಮುಗಿಯಲಿಲ್ಲ. ಅಂದು ಆದದ್ದು ಕದನ ವಿರಾಮ. ಶಾಂತಿ ಒಪ್ಪಂದಕ್ಕೆ ಇವತ್ತಿಗೂ ಯಾರೂ ಸಹಿ ಹಾಕಿಲ್ಲ. 70 ವರ್ಷದ ಮೇಲಾಯಿತು. ಅಂದು ಅಲ್ಲಿಗೆ ಹೋದವರಲ್ಲಿ ನಮ್ಮವರೂ ಇದ್ದರು. ತಮ್ಮ ದೇಶಕ್ಕೆ ವಾಪಸ್ ಹೋಗುವುದಿಲ್ಲ ಎಂದು ಹಟ ಹಿಡಿದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಗತಿ ಏನು ಎಂದು ತೀರ್ಮಾನಿಸಲು ಐದು ದೇಶಗಳ ಆಯೋಗವೊಂದು ರಚನೆಯಾಯಿತು. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ, ಮತ್ತು ಭಾರತ. ಅದರ ಅಧ್ಯಕ್ಷರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಮಡಿಕೇರಿಯಲ್ಲಿ ಹುಟ್ಟಿದವರು. ಅಮೆರಿಕದ ಕಡೆಯವರಿಗೂ ಚೀನಾ ಕಡೆಯವರಿಗೂ ಅವರ ಮೇಲೆ ಸಿಟ್ಟು. ಇಬ್ಬರ ಬೈಗುಳವನ್ನೂ ಕೇಳಿಸಿಕೊಂಡು, ಕೊರೆಯುವ ಚಳಿಯಲ್ಲಿ, ತಿಂಗಳುಗಟ್ಟಲೆ ಅವರು ಮಾತು ನಡೆಸಿದರು. ಎಲ್ಲೂ ಸೇರದ 88 ಕೈದಿಗಳು ಕೊನೆಗೆ ಭಾರತದ ಸೈನಿಕರ ಜೊತೆಗೇ ಹಡಗು ಹತ್ತಿ ನಮ್ಮ ದೇಶಕ್ಕೆ ಬಂದರು. ಕೊರಿಯಾ ನಮಗೆ ಅಷ್ಟೇನೂ ದೂರದ ಕತೆಯಲ್ಲ.

ಈಗ ಬಾಂಬ್ ವಿಷಯಕ್ಕೆ ಬರೋಣ.

ಮಾತುಕತೆಯಿಂದ ಉತ್ತರ ಕೊರಿಯಾ ಬಾಂಬ್ ಬಿಡುತ್ತದೆಯೇ? ಈ ಪ್ರಶ್ನೆ ಕೇಳಿದರೆ ಹೆಚ್ಚಿನವರು ತಲೆ ಆಡಿಸಿ, ಅವರ ಹತ್ತಿರ ಮಾತಾಡಿ ಪ್ರಯೋಜನ ಇಲ್ಲ ಎನ್ನುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಒಂದು ಕಾಲದಲ್ಲಿ ಪ್ರಯೋಜನ ಆಗಿತ್ತು. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಈ ಭಾಗವನ್ನು ಎಲ್ಲರೂ ಮರೆತಿದ್ದಾರೆ.

1994ರ ಬೇಸಿಗೆ. ರಾಜಧಾನಿ ಪ್ಯಾಂಗ್ಯಾಂಗ್‌ನ ಉತ್ತರಕ್ಕೆ ಯೋಂಗ್ಬ್ಯೋನ್ ಎಂಬ ಊರು. ಅಲ್ಲೊಂದು ಚಿಕ್ಕ ಅಣು ರಿಯಾಕ್ಟರ್. ಅದರೊಳಗೆ ಉರಿದ ಇಂಧನದ ಸರಳುಗಳನ್ನು ಹೊರಗೆ ತೆಗೆದಿದ್ದರು, ಸುಮಾರು 8 ಸಾವಿರ ಸರಳು. ಅವುಗಳನ್ನು ರಾಸಾಯನಿಕದಲ್ಲಿ ಕರಗಿಸಿದರೆ ಪ್ಲುಟೋನಿಯಂ ಸಿಗುತ್ತದೆ. ಪ್ಲುಟೋನಿಯಂ ಸಿಕ್ಕರೆ ಬಾಂಬ್. ಅಮೆರಿಕ ಆ ಜಾಗದ ಮೇಲೆ ವಿಮಾನ ದಾಳಿ ಮಾಡುವ ಯೋಚನೆಯಲ್ಲಿತ್ತು. ಆಗ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್, ಅಧಿಕಾರದಲ್ಲಿ ಇಲ್ಲದ ಮನುಷ್ಯ, ಆ ಗಡಿ ದಾಟಿ ಹೋಗಿ ಉತ್ತರ ಕೊರಿಯಾದ ನಾಯಕ ಕಿಮ್ ಇಲ್ ಸುಂಗ್ ಅವರನ್ನು ಕಂಡರು. ಅದಾದ ಮೂರು ವಾರಕ್ಕೆ ಕಿಮ್ ತೀರಿಕೊಂಡರು. ಮಾತು ಮಾತ್ರ ಸಾಯಲಿಲ್ಲ. ಅಕ್ಟೋಬರ್ 21ರಂದು ಜಿನೀವಾದಲ್ಲಿ ಒಪ್ಪಂದ ಆಯಿತು.

ಒಪ್ಪಂದದಲ್ಲಿ ಏನಿತ್ತು? ಉತ್ತರ ಕೊರಿಯಾ ರಿಯಾಕ್ಟರ್ ನಿಲ್ಲಿಸಬೇಕು. ಬದಲಿಗೆ ವರ್ಷಕ್ಕೆ 5 ಲಕ್ಷ ಟನ್ ಉರುವಲು ಎಣ್ಣೆ. ಮುಂದೆ, ಬಾಂಬ್‌ಗೆ ಅಷ್ಟು ಸುಲಭವಾಗಿ ಒದಗದ ಬೇರೆ ಜಾತಿಯ ಎರಡು ದೊಡ್ಡ ರಿಯಾಕ್ಟರ್‌ಗಳು, ವಿದ್ಯುತ್ತಿಗಾಗಿ. ಆಮೇಲೆ ನಿಧಾನವಾಗಿ ಸಂಬಂಧ ಸುಧಾರಣೆ.

ಮತ್ತೆ ಇದು ಬರೀ ಕಾಗದದಲ್ಲಿ ಉಳಿಯಲಿಲ್ಲ. ಅಮೆರಿಕದ ತಂತ್ರಜ್ಞರು ಯೋಂಗ್ಬ್ಯೋನ್‌ಗೆ ಹೋಗಿ, ಅಲ್ಲಿನ ಕೆಲಸಗಾರರ ಪಕ್ಕದಲ್ಲೇ ನಿಂತು, ನೀರಿನ ಕೊಳದಲ್ಲಿದ್ದ ಆ ಸರಳುಗಳನ್ನು ಉಕ್ಕಿನ ಡಬ್ಬಿಗಳಿಗೆ ತುಂಬಿಸಿದರು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಕರು ಸೀಲು ಹಾಕಿ, ಕ್ಯಾಮೆರಾ ಇಟ್ಟು, ಅಲ್ಲೇ ಕಾವಲು ಕೂತರು. ಪೂರ್ವ ಕರಾವಳಿಯ ಕೂಮ್‌ಹೋದಲ್ಲಿ ಹೊಸ ರಿಯಾಕ್ಟರ್‌ಗೆ ನೆಲ ಅಗೆದರು. ಅಲ್ಲಿ ದಕ್ಷಿಣ ಕೊರಿಯಾದ ಎಂಜಿನಿಯರ್‌ಗಳು ಬಂದು ಉಳಿದುಕೊಂಡು ಕೆಲಸ ಮಾಡಿದರು. ಯುದ್ಧ ಮುಗಿಯದ ಎರಡು ದೇಶಗಳ ಜನ ಒಂದೇ ಜಾಗದಲ್ಲಿ ಕಾಂಕ್ರೀಟ್ ಹಾಕುತ್ತಿದ್ದರು! ಎಂಟು ವರ್ಷ ಯೋಂಗ್ಬ್ಯೋನ್‌ನಲ್ಲಿ ಒಂದು ಗ್ರಾಮ್ ಹೊಸ ಪ್ಲುಟೋನಿಯಂ ತಯಾರಾಗಲಿಲ್ಲ. ದಾಳಿಯಿಂದ ಆಗಬಹುದಾಗಿದ್ದ ಸಾವುನೋವು ಎಷ್ಟಿತ್ತೋ, ಅದು ಯಾವುದೂ ಆಗದೆ ಈ ಕೆಲಸ ಆಯಿತು.

ಕೆಟ್ಟದ್ದು ಹೇಗೆ? ತಪ್ಪು ಎರಡೂ ಕಡೆ ಇತ್ತು. ಸಹಿ ಬಿದ್ದ ಕೆಲವೇ ವಾರಕ್ಕೆ ಅಮೆರಿಕದ ಸಂಸತ್ತು ಎದುರು ಪಕ್ಷದ ಕೈಗೆ ಹೋಯಿತು. ಎಣ್ಣೆಗೆ ದುಡ್ಡು ಕೊಡಲು ಅವರಿಗೆ ಮನಸ್ಸಿಲ್ಲ. ಎಣ್ಣೆ ತಡವಾಗಿ ಬರುತ್ತಿತ್ತು. 2003ಕ್ಕೆ ಮುಗಿಯಬೇಕಿದ್ದ ರಿಯಾಕ್ಟರ್‌ಗೆ ಮೊದಲ ಕಾಂಕ್ರೀಟ್ ಬಿದ್ದದ್ದೇ 2002ರ ಆಗಸ್ಟ್‌ನಲ್ಲಿ. ಆ ಕಡೆ ಉತ್ತರ ಕೊರಿಯಾ ಕದ್ದುಮುಚ್ಚಿ ಬೇರೆ ದಾರಿ ಹಿಡಿದಿತ್ತು. ಪಾಕಿಸ್ತಾನದ ಅಣು ವಿಜ್ಞಾನಿ ಎ. ಕ್ಯೂ. ಖಾನ್ ಅವರ ಕಳ್ಳ ಜಾಲದಿಂದ ಯುರೇನಿಯಂ ಸಂಸ್ಕರಿಸುವ ಯಂತ್ರ ತರಿಸಿಕೊಂಡಿತ್ತು. ಅದು ಮೋಸ, ಬೇರೆ ಮಾತಿಲ್ಲ. 2002ರ ಅಕ್ಟೋಬರ್‌ನಲ್ಲಿ ಅಮೆರಿಕ ಇದನ್ನು ಮುಖದ ಮೇಲೆ ಕೇಳಿತು. ನಂತರ ಎಣ್ಣೆ ನಿಂತಿತು. ವರ್ಷದ ಕೊನೆಯ ದಿನಕ್ಕೆ ತಪಾಸಕರು ಗಂಟುಮೂಟೆ ಕಟ್ಟಿಕೊಂಡು ಹೊರಟರು. 2003ರ ಜನವರಿಯಲ್ಲಿ ಉತ್ತರ ಕೊರಿಯಾ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದಿಂದಲೇ ಹೊರನಡೆಯಿತು. ಡಬ್ಬಿಗಳು ಬಿಚ್ಚಿಕೊಂಡವು.

ನನಗೆ ಇವತ್ತಿಗೂ ಸಂಕಟ ಆಗುವುದು ಇಲ್ಲಿ. ಯುರೇನಿಯಂ ಕೆಲಸ ಆಗಿನ್ನೂ ಎಳೆಯದು. ಪ್ಲುಟೋನಿಯಂ ಕೈಗೆಟುಕುವಷ್ಟು ಹತ್ತಿರ, ಸೀಲಿನೊಳಗೆ. ಒಂದು ಮೋಸಕ್ಕೆ ಸಿಟ್ಟಾಗಿ, ಬಿಗಿಯಾಗಿ ಹಿಡಿದಿದ್ದ ಹಗ್ಗವನ್ನೇ ಬಿಟ್ಟಂತಾಯಿತು. ನಾಲ್ಕು ವರ್ಷ ತುಂಬುವ ಮೊದಲೇ, 2006ರ ಅಕ್ಟೋಬರ್ 9ರಂದು ಮೊದಲ ಬಾಂಬ್ ಸಿಡಿಸಿದರು.

ಜಿನೀವಾ ಒಪ್ಪಂದ ಮುರಿದ ಮೇಲಿನದನ್ನು ಬೇಗ ಹೇಳುತ್ತೇನೆ. ಬೀಜಿಂಗ್‌ನಲ್ಲಿ ಆರು ದೇಶಗಳು ಕೂತು ಮಾತಾಡಿದವು. 2005ರ ಸೆಪ್ಟೆಂಬರ್‌ನಲ್ಲಿ ಬಾಂಬ್ ಬಿಡುತ್ತೇವೆ ಎಂದು ಉತ್ತರ ಕೊರಿಯಾ ಬರೆದೂ ಕೊಟ್ಟಿತು. 2008ರ ಜೂನ್‌ನಲ್ಲಿ ಯೋಂಗ್ಬ್ಯೋನ್‌ನ ಕೂಲಿಂಗ್ ಟವರನ್ನು ಕ್ಯಾಮೆರಾಗಳ ಮುಂದೆ ಉರುಳಿಸಿದರು. ಯಾರು ಏನನ್ನು ಹೇಗೆ ಪರೀಕ್ಷಿಸಬೇಕು ಎಂಬಲ್ಲಿ ಮಾತು ಮುರಿದುಬಿತ್ತು. 2009ರಲ್ಲಿ ಎರಡನೇ ಪರೀಕ್ಷೆ. 2017ರ ಸೆಪ್ಟೆಂಬರ್ ಹೊತ್ತಿಗೆ ಆರು.

2018ರಲ್ಲಿ ಸಿಂಗಾಪುರದಲ್ಲಿ ಟ್ರಂಪ್ ಮತ್ತು ಕಿಮ್ ಜಾಂಗ್ ಉನ್ ಕೈಕುಲುಕಿದ್ದು ನಿಮಗೆಲ್ಲ ಗೊತ್ತು. ಮುಖ್ಯವಾದದ್ದು ನಡೆದದ್ದು ಮರುವರ್ಷ, ವಿಯೆಟ್ನಾಂನ ಹನೋಯಿಯಲ್ಲಿ. ಕಿಮ್ ಎರಡೂವರೆ ದಿನ ರೈಲಿನಲ್ಲಿ ಕೂತು, ಚೀನಾ ದಾಟಿ ಬಂದರು. ಯೋಂಗ್ಬ್ಯೋನ್ ಕೊಡುತ್ತೇನೆ, 2016 ಮತ್ತು 2017ರಲ್ಲಿ ವಿಶ್ವಸಂಸ್ಥೆ ಹಾಕಿದ ವ್ಯಾಪಾರ ನಿರ್ಬಂಧ ತೆಗೆಯಿರಿ ಎಂದರು. ಅಮೆರಿಕ, ಅಷ್ಟು ಸಾಲದು, ಎಲ್ಲವನ್ನೂ ಕೊಡಿ ಎಂದಿತು. ಮಧ್ಯಾಹ್ನದ ಊಟಕ್ಕೆ ಮೇಜು ಸಿದ್ಧವಾಗಿತ್ತು. ಯಾರೂ ಕೂರಲಿಲ್ಲ. ಇಬ್ಬರೂ ಎದ್ದು ಹೋದರು. ಅವನದು ಅರ್ಧ, ಇವರಿಗೆ ಪೂರ್ತಿ ಬೇಕು. ನಮ್ಮಲ್ಲಿ ಜಮೀನಿನ ಪಂಚಾಯಿತಿ ಮಾಡುವ ಹಿರಿಯರು ಇದ್ದಿದ್ದರೆ, ಊಟ ಮಾಡಿ ಏಳಿ, ನಾಳೆ ಮತ್ತೆ ಕೂರೋಣ ಎನ್ನುತ್ತಿದ್ದರು. ಅಲ್ವಾ?

ಅವರು ಬಾಂಬನ್ನು ಯಾಕೆ ಇಷ್ಟು ಬಿಗಿಯಾಗಿ ಅಪ್ಪಿಕೊಂಡಿದ್ದಾರೆ ಎಂಬುದನ್ನೂ ನೋಡಬೇಕು. 2003ರಲ್ಲಿ ಲಿಬಿಯಾದ ಗಡಾಫಿ ಅಣ್ವಸ್ತ್ರದ ಕೆಲಸ ಬಿಟ್ಟರು. ಯಂತ್ರಗಳನ್ನೆಲ್ಲ ಹಡಗು, ವಿಮಾನದಲ್ಲಿ ಕಳಿಸಿಕೊಟ್ಟರು. 2011ರಲ್ಲಿ ಅವರು ಅಧಿಕಾರ ಕಳೆದುಕೊಂಡು ಕೊಲೆಯಾದದ್ದನ್ನು ಪ್ಯಾಂಗ್ಯಾಂಗ್‌ನವರು ಕಣ್ಣು ಮಿಟುಕಿಸದೆ ನೋಡಿದರು. ಹೀಗಿದ್ದೂ 2018ರಲ್ಲಿ, ಮಾತುಕತೆಗೆ ತಿಂಗಳಿರುವಾಗ, ಅಮೆರಿಕದ ಭದ್ರತಾ ಸಲಹೆಗಾರರಾಗಿದ್ದ ಜಾನ್ ಬೋಲ್ಟನ್ ಲಿಬಿಯಾ ಮಾದರಿಯ ಮಾತೆತ್ತಿದರು. ಹೆದರಿದವನ ಮುಂದೆ ಅವನು ಯಾವುದಕ್ಕೆ ಹೆದರಿದ್ದಾನೋ ಅದನ್ನೇ ತೋರಿಸಿದರೆ ಅವನು ಬಾಗಿಲು ತೆಗೆಯುತ್ತಾನೆಯೇ?

ಬಾಂಬ್ ಬಿಟ್ಟವರೂ ಇದ್ದಾರೆ. ದಕ್ಷಿಣ ಆಫ್ರಿಕಾ ಆರು ಬಾಂಬ್ ಮಾಡಿಟ್ಟುಕೊಂಡಿತ್ತು. ಎಲ್ಲವನ್ನೂ ಬಿಚ್ಚಿಹಾಕಿ, 1993ರಲ್ಲಿ ಅಧ್ಯಕ್ಷ ಡಿ ಕ್ಲರ್ಕ್ ಅದನ್ನು ಜಗತ್ತಿಗೆ ಹೇಳಿದರು. ಆದರೆ ಅಲ್ಲಿ ಮೊದಲು ಆದದ್ದು, ಅಂಗೋಲಾದ ಯುದ್ಧದಿಂದ ದಕ್ಷಿಣ ಆಫ್ರಿಕಾ ಹೊರಬಂದದ್ದು. ಕ್ಯೂಬಾದ ಸೈನಿಕರು ಹೊರಟರು, ನಮೀಬಿಯಾ ಸ್ವತಂತ್ರವಾಯಿತು, ಭಯ ಕಡಿಮೆಯಾಯಿತು. ಬಾಂಬ್ ಆಮೇಲೆ ಹೋಯಿತು. ಕೊರಿಯಾದಲ್ಲಿ ನಾವು ಇದನ್ನು ತಲೆಕೆಳಗು ಮಾಡುತ್ತಿದ್ದೇವೆ. ಮೊದಲು ಬಾಂಬ್ ಕೊಡು, ಯುದ್ಧ ಮುಗಿಸುವುದನ್ನು ಆಮೇಲೆ ನೋಡೋಣ ಎನ್ನುತ್ತಿದ್ದೇವೆ.

ಭಾರತದಲ್ಲಿ ಕೂತು ಇದನ್ನು ಹೇಳುವಾಗ ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮಲ್ಲೂ ಬಾಂಬ್ ಇದೆ. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಪರೀಕ್ಷೆ ಆದಾಗ ನಮ್ಮ ಮೇಲೂ ನಿರ್ಬಂಧ ಬಿತ್ತು. ಅದಕ್ಕೆ ಹೆದರಿ ನಾವು ಬಿಟ್ಟೆವೇ? ಇಲ್ಲ. ಉತ್ತರ ಕೊರಿಯಾದ ಹಾಗೆ ನಾವು ಸಹಿ ಹಾಕಿ ಮುರಿದವರಲ್ಲ, ನಮ್ಮ ಜನರ ಬಾಯಿ ಕಟ್ಟಿದವರೂ ಅಲ್ಲ. ವ್ಯತ್ಯಾಸ ದೊಡ್ಡದು. ಆದರೂ ಒತ್ತಡ ಹಾಕಿದರೆ ಒಂದು ದೇಶ ಹೇಗೆ ಇನ್ನಷ್ಟು ಬಿಗಿಯಾಗುತ್ತದೆ ಎಂದು ನಮಗೆ ಅನುಭವದಿಂದ ಗೊತ್ತಿರಬೇಕು.

ಆ ದೇಶದ ಜನರ ಬಗ್ಗೆ ಒಂದು ಮಾತು. ಸುಮಾರು 2 ಕೋಟಿ 60 ಲಕ್ಷ ಜನ. ರೇಡಿಯೋದಲ್ಲಿ ಮಾತಾಡುತ್ತಿರುವ ನನಗೆ ಇದು ಬಹಳ ಕಾಡುತ್ತದೆ: ಅಲ್ಲಿ ರೇಡಿಯೋ ಸೆಟ್ಟುಗಳು ಸರ್ಕಾರಿ ಕೇಂದ್ರ ಬಿಟ್ಟು ಬೇರೆ ಹಿಡಿಯದಂತೆ ಬಿಗಿದಿರುತ್ತವೆ. ಹೊರಗಿನ ದನಿ ಕೇಳಿದರೆ ಶಿಕ್ಷೆ. 1990ರ ದಶಕದ ಬರಗಾಲದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. 1994ರಲ್ಲಿ ವರ್ಷಕ್ಕೆ 5 ಲಕ್ಷ ಟನ್ ಎಣ್ಣೆ ಕೊಡುತ್ತೇವೆ ಎಂದಿದ್ದ ಜಗತ್ತು, 2017ರಲ್ಲಿ ಸಂಸ್ಕರಿಸಿದ ಎಣ್ಣೆಯನ್ನು ವರ್ಷಕ್ಕೆ 5 ಲಕ್ಷ ಬ್ಯಾರೆಲ್‌ಗಿಂತ ಜಾಸ್ತಿ ಕೊಡಬಾರದು ಎಂದು ಗೆರೆ ಎಳೆಯಿತು. ಒಂದು ಟನ್‌ಗೆ ಸುಮಾರು ಏಳು ಬ್ಯಾರೆಲ್; ಅಂದರೆ ಇದು ಅಂದಿನದಕ್ಕಿಂತ ಬಹಳ ಕಡಿಮೆ. ಬಾಂಬ್ ಮಾಡುವವರ ಮನೆ ಇದರಿಂದ ತಣ್ಣಗಾಗಿಲ್ಲ. ಚಳಿಗಾಲದಲ್ಲಿ ನಡುಗುವವರು ಬೇರೆ ಜನ.

ಇವತ್ತಿನ ಸ್ಥಿತಿ ಹಿಂದೆಂದಿಗಿಂತ ಕಷ್ಟ. ಅವರ ಹತ್ತಿರ ಸುಮಾರು 50 ಬಾಂಬ್ ಇರಬಹುದು ಎಂದು ಜಗತ್ತಿನ ಶಸ್ತ್ರಾಸ್ತ್ರಗಳ ಲೆಕ್ಕ ಇಡುವ ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆ ಅಂದಾಜು ಮಾಡಿದೆ. ಬಾಂಬ್ ಬಿಡುವ ಮಾತೇ ಇಲ್ಲ ಎಂದು 2022ರಲ್ಲಿ ಕಾನೂನು ಮಾಡಿದರು, ಮರುವರ್ಷ ಸಂವಿಧಾನಕ್ಕೂ ಸೇರಿಸಿದರು. 2024ರಲ್ಲಿ ರಷ್ಯಾ ಜೊತೆ ರಕ್ಷಣಾ ಒಪ್ಪಂದವಾಯಿತು. ಉಕ್ರೇನ್ ಯುದ್ಧಕ್ಕೆ ಉತ್ತರ ಕೊರಿಯಾದ ಸೈನಿಕರೂ ಹೋದರು. ನಿರ್ಬಂಧ ಪಾಲನೆಯಾಗುತ್ತಿದೆಯೇ ಎಂದು ನೋಡುತ್ತಿದ್ದ ವಿಶ್ವಸಂಸ್ಥೆಯ ತಜ್ಞರ ತಂಡವನ್ನು ರಷ್ಯಾ ವೀಟೋ ಹಾಕಿ ಮುಚ್ಚಿಸಿತು. ಒಂಟಿಯಾಗಿದ್ದ ದೇಶಕ್ಕೆ ಈಗ ದೊಡ್ಡ ಗೆಳೆಯ ಸಿಕ್ಕಿದ್ದಾನೆ.

ಹಾಗಾಗಿ ನೇರವಾಗಿ ಹೇಳುತ್ತೇನೆ. ಮಾತುಕತೆಯಿಂದ ನಾಳೆ ನಾಡಿದ್ದರಲ್ಲಿ ಬಾಂಬ್ ಹೋಗುವುದಿಲ್ಲ. ನಾನು ಕಣ್ಣಾರೆ ನೋಡದೇ ಇರಬಹುದು. ಆದರೆ ಇನ್ನಷ್ಟು ಬಾಂಬ್ ಮಾಡುವುದನ್ನು ನಿಲ್ಲಿಸಬಹುದು. ಅದು 1994ರಲ್ಲಿ ಆಗಿತ್ತು. ದಕ್ಷಿಣ ಕೊರಿಯಾದ ಈಗಿನ ಅಧ್ಯಕ್ಷ ಲೀ ಜೇ ಮ್ಯುಂಗ್ ಹೇಳುತ್ತಿರುವುದೂ ಇದೇ: ಮೊದಲು ನಿಲ್ಲಿಸಿ, ಆಮೇಲೆ ಕಡಿಮೆ ಮಾಡಿ, ಕೊನೆಗೆ ಬಿಡಿ. ಇದು ಸೋಲು ಎನ್ನುವವರಿದ್ದಾರೆ. ಬಾಂಬ್ ಇಟ್ಟುಕೊಳ್ಳಲು ಒಪ್ಪಿಗೆ ಕೊಟ್ಟಂತೆ, ನಾಳೆ ದಕ್ಷಿಣ ಕೊರಿಯಾ, ಜಪಾನ್ ಕೂಡ ನಮಗೂ ಬೇಕು ಎಂದರೆ ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ಆ ಭಯವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ 50 ಬಾಂಬ್ 100 ಆದರೆ ಆ ಭಯ ಕಡಿಮೆಯಾಗುತ್ತದೆಯೇ? ಪೂರ್ತಿ ಕೊಡು ಎಂದು ಹಟ ಹಿಡಿದ ವರ್ಷಗಳಲ್ಲೇ ಅಲ್ಲವೇ ಅವು ಬೆಳೆದದ್ದು? ನಿಲ್ಲಿಸುವುದಕ್ಕೆ ಬೆಲೆ ಕೊಡಬೇಕು: ಒಂದಿಷ್ಟು ನಿರ್ಬಂಧ ಸಡಿಲಿಸಬೇಕು, ತಪಾಸಕರು ಮತ್ತೆ ಒಳಗೆ ಹೋಗಬೇಕು, ಯುದ್ಧ ಮುಗಿಯಿತು ಎಂಬ ಕಾಗದಕ್ಕೆ ಸಹಿ ಬೀಳಬೇಕು.

2025ರ ಜೂನ್‌ನಲ್ಲಿ ಲೀ ಸರ್ಕಾರ ಗಡಿಯ ಧ್ವನಿವರ್ಧಕಗಳನ್ನು ಬಂದ್ ಮಾಡಿತು. ಉತ್ತರದತ್ತ ಪ್ರಚಾರ ಕೂಗುತ್ತಿದ್ದ ಧ್ವನಿವರ್ಧಕಗಳು ಅವು. ಮರುದಿನವೇ ಆ ಕಡೆಯಿಂದ ಬರುತ್ತಿದ್ದ ಕರ್ಕಶ ಸದ್ದೂ ನಿಂತಿತು. ಗಡಿಯ ಹಳ್ಳಿಗಳ ಜನ ತಿಂಗಳುಗಳ ನಂತರ ನಿದ್ದೆ ಮಾಡಿದರು.

ಆ ಫೋನಿನ ಮಾತಿಗೆ ವಾಪಸ್ ಬರುತ್ತೇನೆ. ಅದು ಮೌನವಾದದ್ದು ಇದೇ ಮೊದಲಲ್ಲ. 2016ರ ಫೆಬ್ರವರಿಯಲ್ಲಿ ಹೀಗೇ ನಿಂತುಹೋಗಿತ್ತು. ಆಗಲೂ ದಕ್ಷಿಣದ ಅಧಿಕಾರಿಗಳು ಪ್ರತಿದಿನ ಕರೆ ಮಾಡುತ್ತಲೇ ಇದ್ದರು. ಹೆಚ್ಚೂ ಕಡಿಮೆ ಎರಡು ವರ್ಷ ಹೀಗೇ ನಡೆಯಿತು. ಆ ಎರಡು ವರ್ಷದಲ್ಲೇ ಉತ್ತರ ಕೊರಿಯಾ ತನ್ನ ಅತಿ ದೊಡ್ಡ ಬಾಂಬ್ ಸಿಡಿಸಿತು, ಅಮೆರಿಕ ಮುಟ್ಟಬಲ್ಲ ಕ್ಷಿಪಣಿ ಹಾರಿಸಿತು. ಆಮೇಲೆ 2018ರ ಜನವರಿ 3ರಂದು, ಮಧ್ಯಾಹ್ನ ಮೂರೂವರೆಗೆ, ಆ ಕಡೆಯಿಂದಲೇ ಫೋನ್ ಬಂತು. ಈ ಕಡೆಯವರು ಎತ್ತಿದರು. ಸುಮಾರು 20 ನಿಮಿಷ ಅವರು ಬಾಂಬ್ ಬಗ್ಗೆಯಾಗಲಿ ಶಾಂತಿಯ ಬಗ್ಗೆಯಾಗಲಿ ಮಾತಾಡಲಿಲ್ಲ. ಲೈನ್ ಸರಿಯಾಗಿ ಕೇಳಿಸುತ್ತಿದೆಯೇ ಎಂದು ಪರೀಕ್ಷೆ ಮಾಡಿಕೊಂಡರು.

ನಮಸ್ಕಾರ.