ಗುರುವಾರ ನ್ಯೋಕಿ, ಶನಿವಾರ ಬೋಟಿ: ರೋಮ್‌ನ ಹಳೇ ಟ್ರಟ್ಟೋರಿಯಾಗಳ ವಾರದ ಲೆಕ್ಕ

ನಮಸ್ಕಾರ! ನಿಮ್ಮಲ್ಲೊಬ್ಬರು ಕೇಳಿದ್ರು: ರೋಮ್‌ನ ಹಳೇ ಟ್ರಟ್ಟೋರಿಯಾಗಳಲ್ಲಿ ಗುರುವಾರವೇ ನ್ಯೋಕಿ ಯಾಕೆ? ಟ್ರಟ್ಟೋರಿಯಾ ಅಂದ್ರೆ ಮನೆಮಂದಿಯೇ ನಡೆಸುವ ಸಾದಾ ಹೋಟೆಲ್, ನ್ಯೋಕಿ ಅಂದ್ರೆ ಆಲೂಗಡ್ಡೆ-ಮೈದಾದ ಪುಟ್ಟ ಉಂಡೆ. ಸರಿ, ಮುಂದೆ ಹೋಗೋಣ.

"ಗುರುವಾರ ನ್ಯೋಕಿ, ಶುಕ್ರವಾರ ಮೀನು, ಶನಿವಾರ ಟ್ರಿಪ್ಪಾ." ಅಲ್ಲಿನ ಹಳೇ ಮಾತು ಇದು. ಶುಕ್ರವಾರ ಕ್ಯಾಥೊಲಿಕರು ಮಾಂಸ ಬಿಡುವ ದಿನ, ಹಾಗಾಗಿ ಹಿಂದಿನ ದಿನವೇ ಹೊಟ್ಟೆ ಗಟ್ಟಿ ಮಾಡಿಕೊಳ್ಳೋದು. ಭಾನುವಾರದ ಊಟಕ್ಕೆ ಶನಿವಾರ ದನ ಕಡಿಯುತ್ತಿದ್ದರು. ಒಳ್ಳೇ ಮಾಂಸ ದುಡ್ಡಿದ್ದವರಿಗೆ, ಬೋಟಿ ಬಡವರಿಗೆ. ಅದೇ ಟ್ರಿಪ್ಪಾ.

[ತೆರೆಯ ಮೇಲೆ: ಟೆಸ್ಟಾಚೊ ಕಸಾಯಿಖಾನೆ]

ಟೆಸ್ಟಾಚೊ ಬಡಾವಣೆಯ ಈ ಕಸಾಯಿಖಾನೆ 1975ರಲ್ಲಿ ಮುಚ್ಚಿತು. ಇಲ್ಲಿನ ಕೆಲಸಗಾರರಿಗೆ ಕೂಲಿಯ ಒಂದು ಪಾಲಾಗಿ ಬಾಲ, ಕರುಳು ಸಿಗುತ್ತಿತ್ತು. ಸುತ್ತಲಿನ ಹೋಟೆಲ್‌ಗಳ ಅಡುಗೆ ಬೆಳೆದದ್ದು ಅದರಿಂದಲೇ. ಬಾಲದ ಸಾರಿನ ಹೆಸರು ಕೋಡಾ ಅಲ್ಲಾ ವಚ್ಚಿನಾರಾ. ಆದ್ರೆ ನನ್ನ ತಲೆ ಕೆಡಿಸಿದ್ದು ಪಯಾಟಾ. ಹಾಲು ಬಿಟ್ಟು ಬೇರೇನೂ ತಿನ್ನದ ಎಳೇ ಕರುವಿನ ಸಣ್ಣ ಕರುಳು, ಒಳಗಿನ ಹಾಲಿನ ಸಮೇತ! ಅದನ್ನು ಬಳೆ ಥರ ಕಟ್ಟಿ ಟೊಮೆಟೊ ಸಾಸ್‌ನಲ್ಲಿ ಬೇಯಿಸ್ತಾರೆ, ಒಳಗಿನ ಹಾಲು ನಮ್ಮ ಗಿಣ್ಣಿನ ಹಾಗೆ ಮೆತ್ತಗೆ ಗಟ್ಟಿಯಾಗುತ್ತೆ. ಹುಚ್ಚುದನದ ರೋಗದ ಭಯಕ್ಕೆ 2001ರಲ್ಲಿ ಇದನ್ನು ನಿಷೇಧಿಸಿದ್ರು, 2015ರಲ್ಲಿ ಮತ್ತೆ ಬಿಟ್ಟರು.

"ಅಯ್ಯೋ, ನಾವು ಪುಳಿಚಾರು, ಕಾಚೊ ಎ ಪೆಪೆ ಪಾಸ್ತಾ ತಿಂತೀವಿ, ಬರೀ ಚೀಸ್, ಮೆಣಸು" ಅಂತೀರಾ? ನಿಲ್ಲಿ. ಅದರ ಪೆಕೊರಿನೊ ರೊಮಾನೊ ಚೀಸ್‌ಗೆ ಹಾಲು ಒಡೆಸೋದು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಪಾರ್ಮಿಜಾನೊ ಚೀಸ್‌ಗೆ ಕರುವಿನದು. ಎರಡಕ್ಕೂ ನಿಯಮವೇ ಹಾಗಿದೆ. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಟೊಮೆಟೊ ಹಾಕಿದ ಅರ್ರಾಬ್ಬಿಯಾತಾ ಪಾಸ್ತಾ ತಗೊಳ್ಳಿ, ಚೀಸ್ ಉದುರಿಸಬೇಡಿ ಅಂತ ಮೊದಲೇ ಹೇಳಿ.

ಟೈಮ್ ಆಯ್ತು, ಉಳಿದದ್ದು ಓಡಿಸ್ತೀನಿ. ಪಾಸ್ತಾ ಮೊದಲ ಸುತ್ತು, ಮಾಂಸ ಎರಡನೇದು, ತರಕಾರಿಗೆ ಬೇರೆ ದುಡ್ಡು. ರಾತ್ರಿ ಏಳೂವರೆಗೆ ಮುಂಚೆ ಹೋದ್ರೆ ಬಾಗಿಲು ತೆಗೆದಿರಲ್ಲ, ಊಟದ ಮೇಲೆ ಕಾಪುಚಿನೊ ಕೇಳಿದ್ರೆ ಒಂಥರಾ ನೋಡ್ತಾರೆ. ಕೂತಿದ್ದಕ್ಕೇ ಹಾಕುವ ಕೊಪೆರ್ತೊ ಚಾರ್ಜನ್ನು ರೋಮ್ ಇರುವ ಲಾಜಿಯೊ ಪ್ರಾಂತ್ಯ 2006ರಲ್ಲೇ ನಿಷೇಧಿಸಿದೆ. ಆದ್ರೆ ಬ್ರೆಡ್‌ಗೆ ದುಡ್ಡು ಹಾಕಬಹುದು, ಹಾಕ್ತಾರೆ ಕೂಡ! ಬೇಡ ಅಂದ್ರೆ ಬುಟ್ಟಿ ಮುಟ್ಟೋ ಮುಂಚೆಯೇ ವಾಪಸ್ ಕಳಿಸಿ.