ಬಕೆಟ್ಟಿನಲ್ಲಿ ಬಂದ ಮೀನು

ಕೇಳುಗರಿಗೆಲ್ಲ ನಮಸ್ಕಾರ.

ಮುಂಗಾರಿನ ಮೊದಲ ಜೋರು ಮಳೆ ಹೊಡೆದ ರಾತ್ರಿ ಮಲೆನಾಡಿನ ಹಳ್ಳಿಗಳಲ್ಲಿ ಗಂಡಸರು, ಹುಡುಗರು ಮನೆಯಲ್ಲಿ ನಿಲ್ಲುವುದಿಲ್ಲ. ಕೈಯಲ್ಲಿ ಟಾರ್ಚು, ಕತ್ತಿ, ತಲೆ ಮೇಲೊಂದು ಕೊಪ್ಪೆ. ಹಳ್ಳದ ಕೆಂಪು ನೀರು ಗದ್ದೆಗೆ ನುಗ್ಗಿರುತ್ತದೆ, ಆ ನೀರಿಗೆ ಎದುರಾಗಿ ಮೀನು ಹತ್ತುತ್ತಿರುತ್ತದೆ. ಹತ್ತುಮೀನಿನ ಕಾಲ ಅದು. ಮೀನು ಸುಮ್ನೆ ಹತ್ತುವುದಿಲ್ಲ, ಮೊಟ್ಟೆ ಇಡಲು ಜಾಗ ಹುಡುಕಿಕೊಂಡು ಬರುತ್ತದೆ. ಗದ್ದೆಯ ತೆಳು ನೀರಿನಲ್ಲಿ ಮರಿಗಳಿಗೆ ಹುಳಹುಪ್ಪಟೆ ಸಿಗುತ್ತದೆ, ದೊಡ್ಡ ಮೀನಿನ ಕಾಟ ಇರುವುದಿಲ್ಲ. ಕೆರೆ, ಹಳ್ಳ, ಗದ್ದೆ, ಹೊಳೆ ನಮಗೆ ಬೇರೆ ಬೇರೆ. ಮೀನಿಗೆ ಮಳೆಗಾಲದಲ್ಲಿ ಎಲ್ಲ ಒಂದೇ ನೀರು.

ಇವತ್ತಿನ ಮಾತಿಗೆ ಇದೇ ಬುಡ. ನಮ್ಮದಲ್ಲದ ಮೀನನ್ನು ಒಂದು ಕೃಷಿ ಹೊಂಡಕ್ಕೆ ಬಿಟ್ಟರೆ ಅದು ಆ ಹೊಂಡದಲ್ಲೇ ಉಳಿಯುತ್ತದೆ ಅಂತ ನಂಬುವುದು ತಪ್ಪು. ಹೊಂಡ ತುಂಬಿದರೆ ನೀರು ಹಳ್ಳಕ್ಕೆ. ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ. ಅಲ್ಲಿಂದ ತುಂಗೆಗೋ, ಕುಮುದ್ವತಿಗೋ, ವರದೆಗೋ. ಕೂಡ್ಲಿಯಲ್ಲಿ ತುಂಗೆ ಭದ್ರೆ ಒಂದಾದ ಮೇಲೆ ಹೊಸಪೇಟೆಯ ಅಣೆಕಟ್ಟೆ, ಆಮೇಲೆ ಕೃಷ್ಣೆ. ತಡೆಯುವವರು ಯಾರು?

ಮೊದಲು ಆಫ್ರಿಕನ್ ಕ್ಯಾಟ್‌ಫಿಶ್ ಬಗ್ಗೆ ಹೇಳುತ್ತೇನೆ. ಸಂತೆಯಲ್ಲಿ, ರಸ್ತೆ ಬದಿಯಲ್ಲಿ ಪ್ಲಾಸ್ಟಿಕ್ ಟಬ್ಬಿನೊಳಗೆ ಗೇಣುದ್ದ ನೀರಿನಲ್ಲಿ ಒಂದರ ಮೇಲೊಂದು ಬಿದ್ದು ಒದ್ದಾಡುವ ಮೀಸೆ ಮೀನನ್ನು ನೀವು ನೋಡಿರುತ್ತೀರಿ. ಬೆಳಗ್ಗೆ ತಂದದ್ದು ಸಂಜೆಗೂ ಜೀವಂತ. ಅದಕ್ಕೆ ಹೊರಗಿನ ಗಾಳಿಯನ್ನೇ ಉಸಿರಾಡುವ ಶಕ್ತಿ ಇದೆ. ಕೊಳಕು ನೀರಾದರೂ ಸರಿ, ನೀರೇ ಇಲ್ಲದ ಹಸಿ ಕೆಸರಾದರೂ ಸರಿ, ಬದುಕುತ್ತದೆ. ರಾತ್ರಿ ಒದ್ದೆ ನೆಲದ ಮೇಲೆ ತೆವಳಿಕೊಂಡು ಒಂದು ಗುಂಡಿಯಿಂದ ಇನ್ನೊಂದಕ್ಕೆ ಹೋಗುತ್ತದೆ. ಮೀನು, ಕಪ್ಪೆ, ಏಡಿ, ಹುಳ, ಕೊಳೆತ ಮಾಂಸ, ಬಾಯಿಗೆ ಸಿಕ್ಕಿದ್ದೆಲ್ಲ ಅದಕ್ಕೆ ಆಹಾರ. ಒಂದು ಮೀಟರಿಗಿಂತ ಉದ್ದ ಬೆಳೆಯಬಲ್ಲದು. ಕೇಂದ್ರ ಸರ್ಕಾರ 2000ದಲ್ಲೇ ಇದರ ಸಾಕಣೆಯನ್ನು ನಿಷೇಧಿಸಿದೆ. ಆದರೂ ಕದ್ದುಮುಚ್ಚಿ ಸಾಕುತ್ತಾರೆ, ಕೋಳಿ ಅಂಗಡಿಯ ಕರುಳು, ಪುಕ್ಕ ಸುರಿದು ಬೆಳೆಸುತ್ತಾರೆ. ಅಂಥ ಹೊಂಡದ ಹತ್ತಿರ ಮೂಗು ಮುಚ್ಚಿಕೊಳ್ಳದೆ ನಿಲ್ಲಲು ಆಗುವುದಿಲ್ಲ.

ಸಾಕುವವರ ಕಷ್ಟ ನನಗೆ ಅರ್ಥವಾಗುತ್ತದೆ. ಬೇಗ ತೂಕ ಬರುತ್ತದೆ, ರೋಗ ಕಡಿಮೆ, ಮೇವಿಗೆ ದುಡ್ಡು ಬೇಕಿಲ್ಲ. ಅಡಿಕೆಗೆ ಕೊಳೆ, ಎಲೆಚುಕ್ಕಿ ಬಿದ್ದ ವರ್ಷ ಇನ್ನೊಂದು ಆದಾಯ ಹುಡುಕುವುದು ತಪ್ಪಲ್ಲ. ಆದರೆ ಇದರ ನಷ್ಟ ಸಾಕಿದವರ ತಲೆ ಮೇಲೆ ಬರುವುದಿಲ್ಲ. ಕೆಳಗಿನ ಊರಿನಲ್ಲಿ ಬೀಸುಬಲೆ ಹಿಡಿದು ನಿಂತವನ ಮೇಲೆ ಬರುತ್ತದೆ. ನನಗೆ ಸಿಟ್ಟು ಬರುವುದು ಅದಕ್ಕೆ.

ನಮ್ಮ ಕೆರೆಗಳಲ್ಲಿ ಮುರುಗೋಡು ಇದೆ, ಚೇಳು ಮೀನು ಇದೆ, ಕುಚ್ಚು ಇದೆ. ಇವೂ ಗಾಳಿ ಉಸಿರಾಡುತ್ತವೆ, ಇವೂ ಕೆಸರಿನಲ್ಲಿ ಬದುಕುತ್ತವೆ. ಆಫ್ರಿಕನ್ ಮೀನು ಬಂದು ಕೂರುವುದು ಸರಿಯಾಗಿ ಇವುಗಳ ಜಾಗದಲ್ಲೇ. ಇವುಗಳ ಮರಿಯನ್ನೂ ತಿನ್ನುತ್ತದೆ, ಇವುಗಳ ಆಹಾರವನ್ನೂ ತಿನ್ನುತ್ತದೆ. ಮುರುಗೋಡಿಗೂ ಅದಕ್ಕೂ ಮೇಲ್ನೋಟಕ್ಕೆ ಹೋಲಿಕೆ ಇರುವುದರಿಂದ ಜನ ಮೋಸ ಹೋಗುತ್ತಾರೆ. ಬೆಳೆದ ಆಫ್ರಿಕನ್ ಮೀನಿನ ಮೈಮೇಲೆ ಬೂದು, ಕಪ್ಪು ಬಣ್ಣ ಕಲಸಿದ ಹಾಗೆ ಮಚ್ಚೆಗಳಿರುತ್ತವೆ, ಹೊಟ್ಟೆ ಬಿಳಿ. ಮುರುಗೋಡು ಅಷ್ಟು ದೊಡ್ಡದಾಗುವುದೂ ಇಲ್ಲ.

ಇನ್ನು ಜಿಲೇಬಿ ಮೀನು, ಅಂದರೆ ತಿಲಾಪಿಯ. ಇದೂ ಆಫ್ರಿಕದ್ದೇ. 1952ರಲ್ಲಿ ನಮ್ಮ ದೇಶಕ್ಕೆ ತಂದರು. ಬಡವರಿಗೆ ಅಗ್ಗದ ಮೀನು ಸಿಗಲಿ ಅನ್ನುವ ಒಳ್ಳೆಯ ಉದ್ದೇಶ. ಬಲೆಗೆ ಬಿದ್ದ ಹೆಣ್ಣು ಜಿಲೇಬಿಯನ್ನು ಎತ್ತಿದಾಗ ಕೆಲವೊಮ್ಮೆ ಅದರ ಬಾಯಿಂದ ಸಾಸಿವೆ ಗಾತ್ರದ ಮರಿಗಳು ಪುಳಪುಳ ಉದುರುತ್ತವೆ. ಅದು ಮೊಟ್ಟೆಯನ್ನು ಬಾಯೊಳಗೇ ಇಟ್ಟುಕೊಂಡು ಮರಿ ಮಾಡುತ್ತದೆ. ಮರಿಗಳು ಈಜಲು ಕಲಿತ ಮೇಲೂ ಅಪಾಯ ಕಂಡರೆ ಓಡಿ ಬಂದು ತಾಯಿಯ ಬಾಯಿ ಸೇರುತ್ತವೆ. ಅದಕ್ಕೇ ಅದರ ಮರಿ ಉಳಿಯುವುದು ಜಾಸ್ತಿ. ಎರಡು ಮೂರು ತಿಂಗಳಿಗೇ ಮೊಟ್ಟೆ ಇಡಲು ಶುರು ಮಾಡುತ್ತದೆ, ವರ್ಷದಲ್ಲಿ ಹಲವು ಸಲ ಇಡುತ್ತದೆ. ನಮ್ಮ ಮೀನುಗಳೋ, ಹೆಚ್ಚಿನವು ಮಳೆಗಾಲಕ್ಕೆ ಕಾಯಬೇಕು.

ಕೊನೆಗೆ ಏನಾಗುತ್ತದೆ? ಕೆರೆ ತುಂಬ ಜಿಲೇಬಿ. ಎಲ್ಲಕ್ಕೂ ಹೊಟ್ಟೆಗೆ ಸಾಲದೆ ಅಂಗೈ ಅಗಲಕ್ಕಿಂತ ಮೇಲೆ ಬೆಳೆಯುವುದೇ ಇಲ್ಲ. ಹರಾಜಿನಲ್ಲಿ ಕೆರೆ ಹಿಡಿದವರು ಕಾಟ್ಲಾ ಮರಿ ಬಿಟ್ಟಿರುತ್ತಾರೆ, ಬಲೆ ಎಳೆದಾಗ ಬರುವುದು ಮುಳ್ಳಿನ ಸಣ್ಣ ಜಿಲೇಬಿ. ಅದಕ್ಕೆ ಕಾಟ್ಲಾದ ಬೆಲೆ ಯಾರು ಕೊಡುತ್ತಾರೆ? ಬಲೆಯಿಂದ ಒಂದೊಂದನ್ನೇ ಬಿಡಿಸುವಷ್ಟರಲ್ಲಿ ಬೆರಳೆಲ್ಲ ಗಾಯ.

ಇಲ್ಲಿ ಒಂದು ವಿಷಯ ನೇರವಾಗಿ ಹೇಳಬೇಕು. ಕಾಟ್ಲಾ, ರೋಹು, ಮೃಗಾಲ್ ಕೂಡ ಈ ಕಡೆಯವಲ್ಲ. ಅವು ಗಂಗಾ ಬಯಲಿನ ಮೀನು. ಹಾಗಂತ ಅವನ್ನೂ ಕಿತ್ತೊಗೆಯಿರಿ ಅಂತ ನಾನು ಹೇಳುತ್ತಿಲ್ಲ. ಅವು ನಿಂತ ನೀರಿನ ಕೆರೆಯಲ್ಲಿ ಮರಿ ಮಾಡುವುದಿಲ್ಲ, ಪ್ರತಿ ಸಲ ಮರಿ ತಂದೇ ಬಿಡಬೇಕು. ಹಿಡಿದರೆ ಮುಗಿಯಿತು, ಮೈಮೀರಿ ಹೋಗುವುದಿಲ್ಲ. ಎಷ್ಟೋ ಮನೆಗಳ ಒಲೆ ಅವುಗಳಿಂದ ಉರಿಯುತ್ತಿದೆ. ಆದರೆ ಕೆರೆಯ ಮೀನು ಕೆರೆಯಲ್ಲಿರಲಿ. ಕಾಡಿನ ಹಳ್ಳಕ್ಕೆ, ಹೊಳೆಯ ತಲೆಗೆ ಒಯ್ದು ಬಿಡುವ ಉಮೇದು ಬೇಡ.

ಯಾಕೆ ಬೇಡ ಅನ್ನುವುದಕ್ಕೆ ನಾಗೋಡಿ ಕಡೆ ನೋಡಿ. ಹೊಸನಗರ ತಾಲ್ಲೂಕಿನಿಂದ ಕೊಲ್ಲೂರು ಘಾಟಿಗೆ ಇಳಿಯುವ ದಾರಿಯ ಊರು. ಅಲ್ಲಿ ಶರಾವತಿಗೆ ಸೇರುವ ನೀರಿನಲ್ಲಿ ಸಿಕ್ಕ ಒಂದು ಪುಟ್ಟ ಮೀನಿಗೆ 2006ರಲ್ಲಿ ವಿಜ್ಞಾನಿಗಳು ಆ ಊರಿನ ಹೆಸರನ್ನೇ ಇಟ್ಟರು, ಶಿಸ್ಟುರ ನಾಗೋಡಿಯೆನ್ಸಿಸ್ ಅಂತ. ಕಲ್ಲಿನ ಸಂದಿಯಲ್ಲಿ ಅಂಟಿಕೊಂಡಂತೆ ಇರುವ, ಬೆರಳಿಗಿಂತ ಚಿಕ್ಕ ಮೀನು. ಅದಕ್ಕೆ ಎರಡು ವರ್ಷ ಮೊದಲು ಇನ್ನೊಂದು ಸಣ್ಣ ಮೀನಿಗೆ ಶರಾವತಿಯ ಹೆಸರು ಬಂದಿತ್ತು. ನಮ್ಮ ಹಳ್ಳಗಳಲ್ಲಿ ಏನೇನಿದೆ ಅಂತ ಇನ್ನೂ ಪೂರ್ತಿ ಲೆಕ್ಕ ಹಾಕಿಯೇ ಇಲ್ಲ. ಲೆಕ್ಕಕ್ಕೆ ಸಿಗುವ ಮೊದಲೇ ಕ್ಯಾಟ್‌ಫಿಶ್ ಹೊಟ್ಟೆ ಸೇರಿದರೆ ಅಂಥದ್ದೊಂದು ಇತ್ತು ಅನ್ನುವುದೂ ನಮಗೆ ಗೊತ್ತಾಗುವುದಿಲ್ಲ.

ಹೊರಗಿನ ಮೀನು ಅಂದರೆ ವಿದೇಶದ್ದೇ ಆಗಬೇಕಿಲ್ಲ. ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಯಲ್ಲಿ, ಶೃಂಗೇರಿಯ ಮೆಟ್ಟಿಲ ಹತ್ತಿರ ನಾವು ಮಂಡಕ್ಕಿ ಹಾಕಿ ಕೈಮುಗಿಯುವ ದೊಡ್ಡ ಮೀನು ಮಹಶೀರ್. ನೀಲಿ ರೆಕ್ಕೆಯ ಮಹಶೀರ್ ಕೃಷ್ಣೆಯ ಕಡೆಯ ಹೊಳೆಗಳದ್ದು. ಮಹಾರಾಷ್ಟ್ರದ ಲೋನಾವಳದಲ್ಲಿ 1970ರ ದಶಕದಿಂದ ಅದರ ಮರಿ ಬೆಳೆಸಿ ಬೇರೆ ಬೇರೆ ಕಡೆ ಬಿಟ್ಟರು. ಮೀನು ಉಳಿಯಲಿ ಅಂತಲೇ ಮಾಡಿದ ಕೆಲಸ. ಕಾವೇರಿಗೂ ಬಿಟ್ಟರು. ಕಾವೇರಿಗೆ ಅದರದ್ದೇ ಬೇರೊಂದು ಮಹಶೀರ್ ಇತ್ತು, ಬೆನ್ನು ಡುಬ್ಬ, ರೆಕ್ಕೆ ಕಿತ್ತಳೆ ಬಣ್ಣ. ಆ ಹೊಳೆ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನೀಲಿ ರೆಕ್ಕೆಯದು ಹೆಚ್ಚಿತು, ಡುಬ್ಬದ್ದು ಕರಗಿತು. 2018ರಲ್ಲಿ ಅದನ್ನು ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು. ನಮ್ಮ ಕಡೆ ದೇವರ ಮೀನಾಗಿರುವುದು ಅಲ್ಲಿ ಆಕ್ರಮಣಕಾರಿ. ಅದಕ್ಕೇ ಹೇಳುವುದು, ತುಂಗೆಯ ಮೀನನ್ನು ಪಡುವಣಕ್ಕೆ ಹರಿಯುವ ಶರಾವತಿಗೆ ಒಯ್ದು ಬಿಡುವುದೂ ಸಲ್ಲ. ಹರಕೆ ಇದ್ದರೆ ಮಂಡಕ್ಕಿ ಹಾಕಿ, ಮನೆಯಿಂದ ಮೀನು ತಂದು ಬಿಡಬೇಡಿ.

ಮನೆಯಿಂದ ಅಂದಾಗ ಅಕ್ವೇರಿಯಂ ಇಟ್ಟವರಿಗೂ ಒಂದು ಮಾತು. ಗಾಜು ನೆಕ್ಕಿ ಶುಚಿ ಮಾಡುತ್ತದೆ ಅಂತ ತರುವ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ಮೈಯೆಲ್ಲ ಗಟ್ಟಿ ಕವಚ, ರೆಕ್ಕೆಯಲ್ಲಿ ಮುಳ್ಳು. ತೊಟ್ಟಿಗೆ ದೊಡ್ಡದಾಯಿತು ಅಂತ ಪಾಪ ನೋಡಿ ಕೆರೆಗೆ ಬಿಡುತ್ತಾರೆ. ಬೆಂಗಳೂರಿನ ಕೆರೆಗಳಲ್ಲಿ ಆಗಲೇ ಸೇರಿಕೊಂಡಿದೆ. ಕೆರೆ ದಂಡೆಯಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ, ದಂಡೆ ಸಡಿಲವಾಗುತ್ತದೆ. ಬಲೆಗೆ ಸಿಕ್ಕರೆ ಬಿಡಿಸಲು ಆಗದೆ ಬಲೆಯನ್ನೇ ಕತ್ತರಿಸಬೇಕು. ಇಷ್ಟಾಗಿಯೂ ಅದನ್ನು ಕೊಳ್ಳುವವರಿಲ್ಲ.

ಸೊಳ್ಳೆ ಮೀನಿನ ಕತೆ ಮಲೆನಾಡಿಗೆ ಇನ್ನೂ ಹತ್ತಿರದ್ದು. ಒಂದು ಕಾಲಕ್ಕೆ ನಮ್ಮ ಊರುಗಳನ್ನೇ ಖಾಲಿ ಮಾಡಿಸಿದ ರೋಗ ಮಲೇರಿಯಾ. ಸೊಳ್ಳೆಮರಿ ತಿನ್ನಲಿ ಅಂತ 1928ರಲ್ಲಿ ಗ್ಯಾಂಬೂಸಿಯ ಅನ್ನುವ ಮೀನನ್ನು ಹೊರದೇಶದಿಂದ ತರಿಸಿದರು. ಆಗಿನ ಸಾವುನೋವು ನೆನೆದರೆ ತಂದವರನ್ನು ಬೈಯಲು ಮನಸ್ಸಾಗುವುದಿಲ್ಲ. ಆದರೆ ಅದು ಕಪ್ಪೆಮರಿಗಳನ್ನೂ, ಬೇರೆ ಮೀನಿನ ಮೊಟ್ಟೆ, ಮರಿಗಳನ್ನೂ ಬಿಡುವುದಿಲ್ಲ. ಸೊಳ್ಳೆಮರಿ ತಿನ್ನುವ ಮೀನು ನಮ್ಮಲ್ಲೇ ಇದೆ. ತೋಟದ ಕಪ್ಪಿನಲ್ಲಿ, ಅಂದರೆ ಬಸಿಗಾಲುವೆಯಲ್ಲಿ, ನೀರಿನ ಮೇಲ್ಗಡೆಯೇ ಓಡಾಡುವ, ನೆತ್ತಿಯ ಮೇಲೆ ಬೆಳ್ಳಿಯ ಚುಕ್ಕೆ ಹೊಳೆಯುವ ಸಣ್ಣ ಮೀನು, ಮಕ್ಕಳು ಕೈಯಲ್ಲಿ ಬೊಗಸೆ ಮಾಡಿ ಹಿಡಿಯಲು ಹೋಗುತ್ತಾರಲ್ವಾ, ಅದೇ. ಮನೆ ಹಿಂದಿನ ಗುಂಡಿಗೆ ಅದು ಸಾಕು.

ನೆರೆ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಹಿಮಾಚಲ ಪ್ರದೇಶದ ಗೋವಿಂದ ಸಾಗರ ಸಾಕ್ಷಿ. 1971ರ ನೆರೆಯಲ್ಲಿ ಒಂದು ಮೀನು ಸಾಕಣೆ ಕೇಂದ್ರದಿಂದ ಬೆಳ್ಳಿಗೆಂಡೆ, ಅಂದರೆ ಸಿಲ್ವರ್ ಕಾರ್ಪ್ ಅನ್ನುವ ಹೊರದೇಶದ ಮೀನು, ತಪ್ಪಿಸಿಕೊಂಡು ಆ ಜಲಾಶಯ ಸೇರಿತು. ಕೆಲವು ವರ್ಷಗಳಲ್ಲಿ ಅಲ್ಲಿನ ಬಲೆಗಳಲ್ಲಿ ಹೆಚ್ಚಿಗೆ ಸಿಗುವ ಮೀನು ಅದೇ ಆಯಿತು, ಕಾಟ್ಲಾ ಕುಸಿಯಿತು. ಕೇರಳದಲ್ಲಿ 2018ರ ನೆರೆ ಇಳಿದ ಮೇಲೆ ಹೊಳೆಗಳಲ್ಲಿ ಅರಪೈಮ ಸಿಕ್ಕಿತು, ಅಮೆಜಾನಿನ ದೈತ್ಯ ಮೀನು ಅದು. ಯಾರದೋ ಹೊಂಡದಲ್ಲಿ ಇದ್ದದ್ದು. ಮರುವರ್ಷ, 2019ರ ಆಗಸ್ಟಿನಲ್ಲಿ, ತುಂಗೆ ಶಿವಮೊಗ್ಗದ ಬೀದಿಗಳಿಗೇ ಬಂದಿತ್ತು. ಆ ನೀರು ದಾಟಿ ಬಂದ ಹೊಂಡಗಳೆಷ್ಟು, ಅದರೊಳಗೆ ಏನಿತ್ತು ಅಂತ ಯೋಚಿಸಿ. ಆಫ್ರಿಕದ ವಿಕ್ಟೋರಿಯ ಸರೋವರಕ್ಕೆ 1950ರ ದಶಕದಲ್ಲಿ ನೈಲ್ ಪರ್ಚ್ ಅನ್ನುವ ಮೀನು ಬಿಟ್ಟರು. ಅಲ್ಲಿ ಮಾತ್ರ ಇದ್ದ ಸುಮಾರು 200 ಜಾತಿಯ ಸಣ್ಣ ಮೀನುಗಳು ಕಾಣೆಯಾದವು ಅನ್ನುವುದು ಅಂದಾಜು. ಅಷ್ಟು ದೊಡ್ಡ ಸರೋವರವೇ ತಡೆಯಲಿಲ್ಲ.

ಹೊಳೆಗೆ ಸೇರಿದ ಮೇಲೆ ವಾಪಸ್ ತೆಗೆಯುವ ದಾರಿ ಇಲ್ಲ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಯಾರು ಎಷ್ಟು ಬಲೆ ಹಾಕಿ ಮುಗಿಸುತ್ತಾರೆ? ಸಣ್ಣ ಕೆರೆಯಲ್ಲಿ ಮಾತ್ರ ಸಾಧ್ಯ, ಅದೂ ಬೇಸಿಗೆಯಲ್ಲಿ. ಅದಕ್ಕೆ ಬೇಕಾದ ಕೆಲಸ ನಮಗೆ ಮೊದಲೇ ಬರುತ್ತದೆ. ಸಾಗರ, ಸೊರಬ, ಹೊಸನಗರದ ಕಡೆ ಈಗಲೂ ಕೆರೆಬೇಟೆ ನಡೆಯುತ್ತದೆ. ನೀರು ಇಳಿದು ಮೊಣಕಾಲಿಗೆ ಬಂದಾಗ ಊರಿಗೆ ಊರೇ ಕೂಣಿ, ಅಂದರೆ ಬುಡವಿಲ್ಲದ ಬಿದಿರಿನ ಬುಟ್ಟಿ, ಹಿಡಿದು ಒಟ್ಟಿಗೆ ಇಳಿಯುತ್ತದೆ. ಕೂಣಿ ಕುಕ್ಕುತ್ತಾ, ಮೇಲಿನ ಬಾಯಿಯಿಂದ ಕೈ ಹಾಕಿ ತಡಕುತ್ತಾ, ಇಡೀ ಕೆರೆಯ ಕೆಸರು ತುಳಿದು ಹಾಕುತ್ತದೆ. ಕೆಸರಿನೊಳಗೆ ಹುದುಗಿ ಕೂರುವ ಕ್ಯಾಟ್‌ಫಿಶ್‌ಗೆ ಬಲೆಗಿಂತ ಇದು ವಾಸಿ. ಬಲೆ ಮೇಲಿಂದ ಹೋಗುತ್ತದೆ, ಕಾಲು ಮತ್ತು ಕೂಣಿ ಬುಡದ ತನಕ ಹೋಗುತ್ತವೆ.

ಹಾಗಾಗಿ ಮುಂದಿನ ಕೆರೆಬೇಟೆಗೆ ದಿನ ಗೊತ್ತು ಮಾಡಲು ಊರವರು ಕೂತಾಗ ಇದನ್ನೂ ಮಾತಾಡಿಕೊಳ್ಳಿ. ಸಿಕ್ಕ ಕ್ಯಾಟ್‌ಫಿಶ್, ಜಿಲೇಬಿ ಎಷ್ಟೇ ಸಣ್ಣದಿರಲಿ, ಕೆರೆಗೆ ವಾಪಸ್ ಹಾಕಬೇಡಿ. ಮುರುಗೋಡು, ಚೇಳು ಮೀನು, ಕುಚ್ಚು ಸಿಕ್ಕವರು ಒಂದೆರಡನ್ನು ಜೀವಂತ ಕೊಡಲಿ. ಊರಿನ ಯಾವುದಾದರೂ ಬತ್ತದ ಗುಂಡಿಯಲ್ಲಿ ಬಿಟ್ಟಿದ್ದು, ಮಳೆ ಬಂದ ಮೇಲೆ ಅದೇ ಕೆರೆಗೆ ಬಿಡಿ. ಪಂಚಾಯಿತಿ ಕೆರೆ ಹರಾಜು ಹಾಕುವಾಗ ಯಾವ ಮೀನು ಬಿಡಬಾರದು ಅನ್ನುವ ಷರತ್ತನ್ನು ಬಾಯಿಮಾತಿನಲ್ಲಿ ಬಿಡದೆ ಕಾಗದದಲ್ಲಿ ಬರೆಸಿ. ಕೋಡಿಗೆ, ಹೊಂಡದ ನೀರು ಹೊರಹೋಗುವ ಕಡೆಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ, ಕಸ ಕೂರದ ಹಾಗೆ ಆಗಾಗ ಕೊಡವಿ.

ಮರಿ ತರುವವರು ಅಗ್ಗಕ್ಕೆ ಸಿಗುತ್ತದೆ ಅಂತ ಊರು ಹೆಸರು ಗೊತ್ತಿಲ್ಲದ ಗಾಡಿಯಿಂದ ಕೊಳ್ಳಬೇಡಿ. ಭದ್ರಾ ಅಣೆಕಟ್ಟೆಯ ಬುಡದಲ್ಲಿ, ಬಿ.ಆರ್. ಪ್ರಾಜೆಕ್ಟಿನಲ್ಲಿ, ಮೀನುಗಾರಿಕೆ ಇಲಾಖೆಯ ಮರಿ ಕೇಂದ್ರವೇ ಇದೆ. ಎಲ್ಲಿಂದ ತಂದರೂ ಪ್ಯಾಕೆಟ್ಟನ್ನು ಸೀದಾ ಕೆರೆಗೆ ಸುರಿಯಬೇಡಿ. ಮೊದಲು ಒಂದು ಬಿಳಿ ಬೇಸಿನ್‌ಗೆ ಹಾಕಿ ಬೆಳಕಿನಲ್ಲಿ ನೋಡಿ. ಕಾಟ್ಲಾ, ರೋಹು ಮರಿಗಳ ನಡುವೆ ಚಪ್ಪಟೆ ತಲೆಯ, ಬಾಯಿ ಸುತ್ತ ಉದ್ದ ಮೀಸೆ ಇರುವ ಒಂದು ಮರಿ ಕಂಡರೂ ಆ ಬೇಸಿನ್ ಕೆರೆಗೆ ಹೋಗಬಾರದು. ಮಾರಿದವರಿಗೇ ಹಿಂದಕ್ಕೆ ಕೊಡಿ, ತಾಲ್ಲೂಕಿನ ಮೀನುಗಾರಿಕೆ ಕಚೇರಿಗೆ ತಿಳಿಸಿ.

ನಮಸ್ಕಾರ.