ಮೊದಲು ಕೂತು ಲೆಕ್ಕ ಹಾಕಿ

ಪ್ರಿಯರೇ, ದಾವಣಗೆರೆಯ ಹೊರಗಿನ ಬಡಾವಣೆಗಳಲ್ಲಿ ಪಾಯ ಹಾಕಿ ಬಿಟ್ಟ ಮನೆಗಳನ್ನು ನೋಡಿರುತ್ತೀರಿ. ಪಿಲ್ಲರಿನ ಕಂಬಿ ತುಕ್ಕು ಹಿಡಿದು ನಿಂತಿರುತ್ತದೆ, ನಡುವೆ ಜಾಲಿ ಬೆಳೆದಿರುತ್ತದೆ. ಲೂಕನ ಸುವಾರ್ತೆ 14ನೇ ಅಧ್ಯಾಯದಲ್ಲಿ ಯೇಸು ಸ್ವಾಮಿ ಹೇಳಿದ ಗೋಪುರವೂ ಇಂಥದ್ದೇ. ಆತನ ಹಿಂದೆ ದೊಡ್ಡ ಗುಂಪು ಬರುತ್ತಿತ್ತು. ಅವರನ್ನು ಹುರಿದುಂಬಿಸದೆ, ತಿರುಗಿ ನಿಂತು, ನನ್ನ ಶಿಷ್ಯರಾಗುವುದಕ್ಕೆ ಏನು ಬೆಲೆ ಎಂದು ಮೊದಲು ಕೂತು ಲೆಕ್ಕ ಹಾಕಿ ಎಂದನು.

ಲೆಕ್ಕ ಅಂದರೆ ಲೆಕ್ಕವೇ. ‘ಎಲ್ಲಾ ಕರ್ತನಿಗೆ ಒಪ್ಪಿಸಿದ್ದೇನೆ’ ಅಂತ ಪ್ರಾರ್ಥನೆಯಲ್ಲಿ ಹೇಳುವುದು ಸುಲಭ, ಹಾಳೆಯ ಮೇಲೆ ಬರೆಯುವುದು ಕಷ್ಟ. ಒಬ್ಬ ಮೆಕ್ಕೆಜೋಳದ ವ್ಯಾಪಾರಿ ಅಂದುಕೊಳ್ಳಿ. ತೂಕದಲ್ಲಿ ಕ್ವಿಂಟಾಲಿಗೆ 1 ಕಿಲೋ ಹೊಡೆಯುವುದು ಅವನ ರೂಢಿ. 100 ಕ್ವಿಂಟಾಲ್ ಕೊಂಡರೆ ರೈತನ 1 ಕ್ವಿಂಟಾಲ್ ಪುಕ್ಕಟೆ ಬಂತು. ಶಿಷ್ಯನಾದ ದಿನದಿಂದ ಅದು ನಿಲ್ಲಬೇಕು. ಹಿಂದೆ ಹೊಡೆದದ್ದು? ಬೈಬಲಿನ ಅರಣ್ಯಕಾಂಡ 5:7ರ ಪ್ರಕಾರ ತಪ್ಪೊಪ್ಪಿಕೊಂಡವನು ಅಸಲಿಗೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕು, ಅಂದರೆ 120 ಕಿಲೋ. ಯೇಸುವನ್ನು ಮನೆಗೆ ಸೇರಿಸಿಕೊಂಡ ಸುಂಕದವನಾದ ಜಕ್ಕಾಯನು ಅಲ್ಲಿಗೂ ನಿಲ್ಲಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ ಎಂದ ಮೇಲೂ, ಮೋಸದಿಂದ ತಕ್ಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದನು. ಈ ಲೆಕ್ಕದಲ್ಲಿ ಅದು 4 ಕ್ವಿಂಟಾಲ್.

ನಾವೋ, ಬೆನ್ನುನೋವನ್ನೂ ಕೈಕೊಟ್ಟ ಮಳೆಯನ್ನೂ ‘ನನ್ನ ಶಿಲುಬೆ’ ಎನ್ನುತ್ತೇವೆ. ಅವು ಕಷ್ಟಗಳು ನಿಜ, ದೇವರು ಅವುಗಳಲ್ಲೂ ಜೊತೆಗಿರುತ್ತಾನೆ. ಆದರೆ ಅವು ಎಲ್ಲರಿಗೂ ಬರುತ್ತವೆ. ಶಿಲುಬೆ ಯೇಸುವಿನ ಹಿಂದೆ ಹೋದದ್ದಕ್ಕೇ ಬರುವಂಥದ್ದು, ಬೇಡವೆಂದರೆ ಇಳಿಸಿಬಿಡಬಹುದಾದದ್ದು. ಅದಕ್ಕೇ ಲೂಕ 9:23ರಲ್ಲಿ, ತನ್ನ ಶಿಲುಬೆ ಹೊತ್ತು ನನ್ನ ಹಿಂದೆ ಬರಲಿ ಎಂದು ಯೇಸು ಹೇಳುವಾಗ ‘ದಿನಾಲೂ’ ಎಂಬ ಮಾತಿದೆ. ಅದೇ ಉಪದೇಶ ಮತ್ತಾಯ, ಮಾರ್ಕರಲ್ಲೂ ಇದೆ, ಈ ಪದ ಮಾತ್ರ ಅಲ್ಲಿಲ್ಲ.

ನಿಮ್ಮ ಶಿಷ್ಯತ್ವದ ಬೆಲೆಯನ್ನು ಮನೆಯವರ ಮೇಲೆ ಹೊರಿಸಬೇಡಿ. ಹೆಂಡತಿಗೆ ತಿಳಿಸದೆ ಕೆಲಸ ಬಿಟ್ಟು ಬಂದು, ಸೇವೆಗೆ ಕರೆಯಾಯಿತು ಎನ್ನುವುದು ಶಿಷ್ಯತ್ವವಲ್ಲ. ‘ಕೊರ್ಬಾನ್’, ಅಂದರೆ ಇದು ದೇವರಿಗೆ ಮುಡಿಪು, ಎಂದು ಹೇಳಿ ತಂದೆತಾಯಿಗೆ ಸಲ್ಲಬೇಕಾದ್ದನ್ನು ತಪ್ಪಿಸಿದವರನ್ನು ಮಾರ್ಕ 7ರಲ್ಲಿ ಯೇಸುವೇ ಖಂಡಿಸಿದ್ದಾನೆ.

ಸರಿ, ತೂಕ ಸರಿಯಾಯಿತು. ಮುಂದಿನ ತಿಂಗಳು ಅಂಗಡಿ ಹೇಗೆ ನಡೆದೀತು? ಈ ಪ್ರಶ್ನೆಗೆ ಹಾಳೆಯಲ್ಲಿ ಉತ್ತರವಿಲ್ಲ. ಅಬ್ರಹಾಮನು ಎಲ್ಲಿಗೆ ಹೋಗುತ್ತೇನೆಂದು ತಿಳಿಯದೆಯೇ ಹೊರಟನು ಎನ್ನುತ್ತದೆ ಇಬ್ರಿಯ 11:8. ನೇಗಿಲಿಗೆ ಕೈಹಾಕಿ ಹಿಂದಕ್ಕೆ ನೋಡುವವನ ಬಗ್ಗೆ ಯೇಸು ಹೇಳಿದ ಮಾತು ಜಗಳೂರು, ಚಳ್ಳಕೆರೆ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಣಿ ಹಿಡಿದವನ ಕಣ್ಣು ಎತ್ತುಗಳ ಆಚೆ, ಬದುವಿನ ಮೇಲಿನ ಒಂದು ಗಿಡದ ಮೇಲಿರಬೇಕು. ತಿರುಗಿದನೋ, ಗುಳ ಕಲ್ಲಿಗೆ ತಾಗಿ ಎಗರುತ್ತದೆ, ಸಾಲು ಸೊಟ್ಟಗಾಗುತ್ತದೆ, ಅದರ ಪಕ್ಕದ ಸಾಲೂ ಸೊಟ್ಟಗೇ ಹೋಗುತ್ತದೆ. ಹೊಲ ಪೂರ್ತಿ ಒಂದೇ ಸಲಕ್ಕೆ ಉಳುವವರಿಲ್ಲ. ಈ ವಾರದ ಸಾಲು ಯಾವುದು? ಯಾರಿಗೆ ಎಷ್ಟು ಕೊಡಬೇಕಿದೆಯೋ ಅವರ ಹೆಸರು ಬರೆಯಿರಿ, ಭಾನುವಾರದ ಆರಾಧನೆಗೆ ಮೊದಲೇ ಅವರ ಮನೆಗೆ ಹೋಗಿ ಬನ್ನಿ.